ಸಂಯೋಜಕ ಅಂಗಾಂಶದ ಎಳೆಗಳೂ ಬಣ್ಣಗಾರರ ವಿದ್ಯೆಯೂ

ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಸೂಕ್ಷ್ಮದರ್ಶಕವನ್ನೂ ಅದರ ಕೆಳಗಿಡುವ ಅಂಗಾಂಶದ ಛೇದಗಳನ್ನೂ ಕುರಿತು ಬರೆಯಹೊರಟರೆ ಅದು ಅಧಿಕಪ್ರಸಂಗವೆಂದು ಕೆಲವು ವಾಚಕರಿಗೆ ತೋರಬಹುದು. ಶಾಸನ, ಕೈಫಿಯತ್ತು, ಸಂಸ್ಥಾನದ ದಫ್ತರ ಇವುಗಳೇ ನಮ್ಮ ಕ್ಷೇತ್ರವೆಂದೂ ಉಳಿದುದು ವಿಜ್ಞಾನ ವಿಭಾಗದವರ ಪಾಲಿನದೆಂದೂ ನಾವು ಗೆರೆ ಕೊರೆದುಕೊಂಡಿದ್ದೇವೆ. ಈ ಲೇಖಕನೂ ಬಹುಕಾಲ ಆ ಗೆರೆಯನ್ನು ದಾಟಿದವನಲ್ಲ. ದಾಟಿಸಿದ್ದು ಒಂದು ಸಣ್ಣ ಪ್ರಸಂಗ. ಗದಗದ ಕಡೆಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕರಾದ ಸ್ನೇಹಿತರು ಕುರಿಯ ಚರ್ಮದ ತೆಳುವಾದ ಛೇದವೊಂದಕ್ಕೆ ಬಣ್ಣ ಹಾಕುತ್ತಿದ್ದರು. ನೀಲಿಯಾಗಿ ಕಾಣಬೇಕಾಗಿದ್ದ ಎಳೆಗಳು ಮಾಸಿದ ಬೂದಿಯಂತೆ ಕಂಡವು. ಎರಡು ಸಲ ಮಾಡಿದರೂ ಅದೇ ಫಲ. ಆಗ ಪ್ರಯೋಗಶಾಲೆಯ ವಯಸ್ಸಾದ ಸಹಾಯಕರು, ಬೆಟಗೇರಿಯ ನೇಕಾರರ ಮನೆತನದವರು, ಸಂಕೋಚದಿಂದಲೇ ಹೇಳಿದರು: “ಬಣ್ಣ ಹತ್ತಿಲ್ರೀ ಸರ. ಹುಳಿ ಕಡಿಮಿ ಆಗೇತಿ.” ಸ್ನೇಹಿತರು ದ್ರಾವಣಕ್ಕೆ ಅಸಿಟಿಕ್ ಆಮ್ಲದ ಕೆಲವು ಹನಿಗಳನ್ನು ಬೆರೆಸಿ ಮತ್ತೆ ಅದ್ದಿದರು. ಎಳೆಗಳು ಸ್ವಚ್ಛವಾದ ನೀಲಿಗೆ ಬಂದವು.

ಆ ಸಹಾಯಕರು ರಸಾಯನಶಾಸ್ತ್ರವನ್ನು ಓದಿದವರಲ್ಲ. ರೇಷ್ಮೆಯ ನೂಲಿಗೆ ಬಣ್ಣ ಹಾಕುವಾಗ ಬಾನಿಗೆ ಹುಳಿ ಬೀಳಬೇಕೆಂಬುದನ್ನು ಮನೆಯಲ್ಲಿ ಕಂಡವರು. ಅವರ ಮಾತು ಅಲ್ಲಿ ಸಲ್ಲಿದ್ದು ಆಕಸ್ಮಿಕವಲ್ಲವೆಂಬುದೇ ಈ ಲೇಖನದ ಪ್ರತಿಪಾದನೆ. ಪ್ರಾಣಿದೇಹದ ಎಳೆಗಳನ್ನು ಕಣ್ಣಿಗೆ ಕಾಣಿಸುವ ವಿದ್ಯೆಯು ಹತ್ತೊಂಬತ್ತನೆಯ ಶತಮಾನದ ವೈದ್ಯಶಾಲೆಗಳಲ್ಲಿ ತಾನಾಗಿ ಹುಟ್ಟಿದುದಲ್ಲ. ಅದರ ದ್ರವ್ಯಗಳಷ್ಟೇ ಅಲ್ಲದೆ ಅದರ ವಿಚಾರಕ್ರಮವೂ ಬಣ್ಣಗಾರನ ಬಾನಿಯಿಂದ ಬಂದುದು. ಇದನ್ನು ವಿಜ್ಞಾನದ ಇತಿಹಾಸಕಾರರು ಅರ್ಧ ಒಪ್ಪಿದ್ದಾರೆ. ಆದರೆ ಅವರ ಬಣ್ಣಗಾರರೆಲ್ಲ ಲಿಯೋನ್, ಬಾಸೆಲ್, ಮ್ಯಾಂಚೆಸ್ಟರುಗಳವರು. ಯಾವ ರಾಸಾಯನಿಕ ಬಣ್ಣಗಳು ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟವೋ ಅವೇ ನಮ್ಮ ಬಯಲುಸೀಮೆಯ ಬಣ್ಣಗಾರನ ಕೈಯ ವಿದ್ಯೆಯನ್ನು ಕಸಿದವೆಂಬುದನ್ನು ಒಂದೇ ಪುಟದಲ್ಲಿ ಇಟ್ಟು ನೋಡಿದವರು ವಿರಳ.

ಮೊದಲು ಎಳೆಗಳ ವಿಷಯ. ಚರ್ಮದ ಒಳಪದರು, ಸ್ನಾಯುರಜ್ಜು, ರಕ್ತನಾಳದ ಗೋಡೆ, ಯಕೃತ್ತು ಮತ್ತು ಗುಲ್ಮಗಳ ಒಳಚೌಕಟ್ಟು ಇವುಗಳಲ್ಲೆಲ್ಲ ಅಂಗಗಳನ್ನು ಬಂಧಿಸಿ ಹಿಡಿಯುವ ಒಂದು ಅಂಗಾಂಶವಿದೆ. ಅದನ್ನು ಸಂಯೋಜಕ ಅಂಗಾಂಶವೆಂದು ಕರೆಯುವರು. ಅದರೊಳಗೆ ಮೂರು ಬಗೆಯ ಎಳೆಗಳಿವೆ. ಕೊಲಾಜನ್ ಎಂಬುದು ಗಟ್ಟಿಯಾದ, ಹಿಗ್ಗದ ಎಳೆ; ಸಸ್ತನಿಗಳ ದೇಹದ ಒಟ್ಟು ಪ್ರೋಟೀನಿನಲ್ಲಿ ಸುಮಾರು ಕಾಲು ಭಾಗಕ್ಕಿಂತ ಹೆಚ್ಚು ಇದೇ ಇರುವದು. ಚರ್ಮವನ್ನು ಹದ ಮಾಡುವವನು ಹದ ಮಾಡುವದು ಇದನ್ನು. ಎಲುಬು ಚರ್ಮಗಳನ್ನು ಕುದಿಸಿ ತೆಗೆಯುವ ಸರೇಸೂ ಇದರದೇ ರೂಪಾಂತರ. ಎರಡನೆಯದು ಎಲಾಸ್ಟಿನ್, ಹಿಗ್ಗಿ ಕುಗ್ಗುವ ಎಳೆ. ಮೂರನೆಯದು ಜಾಲದಂತೆ ಹೆಣೆದುಕೊಂಡಿರುವ ಬಹು ಸೂಕ್ಷ್ಮವಾದ ರೆಟಿಕ್ಯುಲಿನ್. ಇದೂ ಕೊಲಾಜನ್ನಿನ ಕುಲಕ್ಕೆ ಸೇರಿದುದೆಂದು ಈಗ ತಿಳಿದಿದೆ. ತೊಂದರೆ ಏನೆಂದರೆ, ಸುಮಾರು ಐದು ಮೈಕ್ರಾನ್ ದಪ್ಪದ ಛೇದವನ್ನು ಗಾಜಿನ ಮೇಲಿಟ್ಟು ನೋಡಿದರೆ ಇವು ಮೂರೂ ನೀರಿನಂತೆ ಬಣ್ಣವಿಲ್ಲದವು. ಅವುಗಳ ಪಕ್ಕದ ಸ್ನಾಯುವೂ ಹಾಗೆಯೇ. ಫ್ರಾನ್ಸಿನ ಬಿಷಾ ಎಂಬ ವೈದ್ಯನು ೧೮೦೧ರಲ್ಲಿ ಇಪ್ಪತ್ತೊಂದು ಬಗೆಯ ಅಂಗಾಂಶಗಳನ್ನು ಎಣಿಸಿದಾಗ ಸೂಕ್ಷ್ಮದರ್ಶಕವನ್ನು ನಂಬಲೇ ಇಲ್ಲ. ಬೇಯಿಸಿ, ಒಣಗಿಸಿ, ಆಮ್ಲದಲ್ಲಿ ನೆನೆಸಿ ಅವುಗಳ ಗುಣವನ್ನು ನಿರ್ಣಯಿಸಿದನು. ಎಳೆಯನ್ನು ಎಳೆಯಿಂದ ಬೇರ್ಪಡಿಸಿ ತೋರಿಸಲು ಬಣ್ಣವೇ ಬೇಕಾಯಿತು. ಅದೂ ಒಂದು ಎಳೆಗೆ ಹತ್ತಿ ಇನ್ನೊಂದಕ್ಕೆ ಹತ್ತದ ಬಣ್ಣ.

ಈ ಪ್ರಶ್ನೆಯು ನಮ್ಮ ಕಡೆಯ ನೇಕಾರನಿಗೆ ಹೊಸದಲ್ಲ. ಇಳಕಲ್ಲಿನ ಮಾದರಿಯ ಸೀರೆಯನ್ನು ನೋಡಿರಿ: ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಈಚೆಗೆ ಕೃತಕ ರೇಷ್ಮೆಯೂ ಬಂದಿದೆ. ಆದರೆ ಹಳೆಯ ಪದ್ಧತಿ ಅದು. ಹತ್ತಿಯ ನೂಲಿಗೂ ರೇಷ್ಮೆಯ ನೂಲಿಗೂ ಒಂದೇ ಬಾನಿ ಒಗ್ಗುವದಿಲ್ಲವೆಂಬುದು ಬಣ್ಣಗಾರನ ಮೊದಲ ಪಾಠ. ಉಣ್ಣೆ ಮತ್ತು ರೇಷ್ಮೆ ಪ್ರಾಣಿಜನ್ಯವಾದವು, ಪ್ರೋಟೀನುಗಳು. ಹುಳಿ ಬಿದ್ದ ನೀರಿನಲ್ಲಿ ಅವು ಹಲವು ಬಣ್ಣಗಳನ್ನು ತಾವಾಗಿ ಸೆಳೆದುಕೊಳ್ಳುತ್ತವೆ. ಹತ್ತಿಯು ಸಸ್ಯಜನ್ಯ, ಅದಕ್ಕೆ ಆ ಸೆಳೆತವಿಲ್ಲ. ಕಾರಣವನ್ನು ರಸಾಯನಶಾಸ್ತ್ರವು ಬಹಳ ತಡವಾಗಿ ಹೇಳಿತು: ಆಮ್ಲದ ಸಂಗದಲ್ಲಿ ಪ್ರೋಟೀನಿನ ಅಮೈನೋ ಗುಂಪುಗಳು ಧನ ವಿದ್ಯುದಂಶವನ್ನು ತಾಳಿ ಋಣಾಂಶವುಳ್ಳ ಬಣ್ಣದ ಕಣಗಳನ್ನು ಆಕರ್ಷಿಸುತ್ತವೆ. ಕೊಲಾಜನ್ನೂ ಪ್ರೋಟೀನೇ. ಆದುದರಿಂದ ಅದು ಬಣ್ಣದ ವಿಷಯದಲ್ಲಿ ಉಣ್ಣೆಯಂತೆ ವರ್ತಿಸುತ್ತದೆ, ಹತ್ತಿಯಂತಲ್ಲ. ನಮ್ಮ ಸಹಾಯಕರು ಹೇಳಿದ ‘ಹುಳಿ’ಯ ಗುಟ್ಟು ಇದೇ.

ಹತ್ತಿಗೆ ಪಕ್ಕಾ ಬಣ್ಣವನ್ನು ಹತ್ತಿಸುವದೇ ಬಣ್ಣಗಾರಿಕೆಯಲ್ಲಿ ಕಠಿಣವಾದ ಕೆಲಸ. ಬಯಲುಸೀಮೆಯ ವಿದ್ಯೆ ಬೆಳೆದದ್ದೂ ಅಲ್ಲಿಯೇ. ಬೊಂಬಾಯಿ ಪ್ರಾಂತದ ದಕ್ಷಿಣ ಜಿಲ್ಲೆಗಳ ಗ್ಯಾಝೆಟಿಯರುಗಳು ನೀಲಿಯ ಬಾನಿಯಿಂದಲೇ ಹೆಸರು ಪಡೆದ ನೀಲಗಾರ ಸಮುದಾಯವನ್ನು ದಾಖಲಿಸಿವೆ. (ಮೈಸೂರು ಸೀಮೆಯಲ್ಲಿ ಮಂಟೇಸ್ವಾಮಿಯ ಕಥೆಯನ್ನು ಹಾಡುವ ನೀಲಗಾರರ ಮಾತು ಬೇರೆ, ವಿದ್ಯಾರ್ಥಿಗಳು ಇವರಿಬ್ಬರನ್ನು ಒಂದುಗೂಡಿಸಬಾರದು.) ನೀಲಿಯಲ್ಲದೆ ಕೆಂಪಿಗೆ ಎರೆಭೂಮಿಯ ಬೆಳೆಯಾದ ಸುರಂಜಿ ಇದ್ದಿತು. ಮೂರು ನಾಲ್ಕು ವರ್ಷ ಬೆಳೆದ ಗಿಡವನ್ನು ಅಗೆದು ಅದರ ಬೇರಿನ ತೊಗಟೆಯಿಂದ ಬಣ್ಣವನ್ನು ತೆಗೆಯುತ್ತಿದ್ದರು. ಕುಸುಬಿಯ ಹೂವಿನಿಂದ ಬರುವ ಕೆಂಪು ಮೋಹಕವಾದರೂ ಬಿಸಿಲಿಗೆ ಮಾಸುವ ಕಚ್ಚಾ ಬಣ್ಣ, ಸುರಂಜಿಯದು ಪಕ್ಕಾ. ಆದರೆ ಅದು ಸುಲಭವಾಗಿ ಹತ್ತುತ್ತಿರಲಿಲ್ಲ. ನೂಲನ್ನು ಔಡಲೆಣ್ಣೆ ಮತ್ತು ಸವುಳುಮಣ್ಣಿನ ನೀರಿನಲ್ಲಿ ಮತ್ತೆ ಮತ್ತೆ ನೆನೆಸಿ, ಒಣಗಿಸಿ, ಪಟಿಕದ ನೀರಿನಲ್ಲಿ ಅದ್ದಿ, ಆಮೇಲೆ ಬೇರಿನ ಪುಡಿಯೊಡನೆ ಕುದಿಸಬೇಕಾಗಿತ್ತು. ಇಲ್ಲಿ ಮುಖ್ಯವಾದುದು ಪಟಿಕ. ಅದು ತಾನು ಬಣ್ಣವಲ್ಲ. ಆದರೆ ಅದರೊಳಗಿನ ಅಲ್ಯೂಮಿನಿಯಮ್ ಒಂದು ಕೈಯಿಂದ ನೂಲನ್ನೂ ಇನ್ನೊಂದು ಕೈಯಿಂದ ಬಣ್ಣವನ್ನೂ ಹಿಡಿಯುತ್ತದೆ. ಫ್ರೆಂಚರು ಇಂಥ ಲವಣಕ್ಕೆ ‘ಕಚ್ಚುವದು’ ಎಂಬ ಅರ್ಥದ ಮೋರ್ಡಂಟ್ ಎಂಬ ಹೆಸರಿಟ್ಟರು. ಬಣ್ಣವು ನೂಲಿಗೆ ‘ಕಚ್ಚಿಕೊಂಡಿತು’ ಎಂದು ನಾವೂ ಹೇಳುತ್ತೇವಾದುದರಿಂದ ಆ ಹೆಸರು ನಮಗೆ ಅಪರಿಚಿತವೆನಿಸದು. ಶಾಸ್ತ್ರಗ್ರಂಥಗಳಲ್ಲಿ ಇದನ್ನು ವರ್ಣಬಂಧಕವೆನ್ನುವರು. ಕಪ್ಪಿಗೆ ಅಳಲೆಕಾಯಿ ಮತ್ತು ಅನ್ನಭೇದಿ, ಎಂದರೆ ಕಬ್ಬಿಣದ ಲವಣ. ಶಾನಭೋಗರ ಮಸಿಯೂ ಇದೇ ಕೂಟದ್ದು.

ಹತ್ತಿಯ ಮೇಲೆ ವರ್ಣಬಂಧಕವನ್ನು ಬಳಸುವ ಕ್ರಮವನ್ನು ಯುರೋಪು ಎಲ್ಲಿಂದ ಕಲಿಯಿತೆಂಬ ಪ್ರಶ್ನೆಗೆ ಉತ್ತರ ತಕ್ಕಮಟ್ಟಿಗೆ ಸ್ಪಷ್ಟವಾಗಿದೆ. ಕೋರಮಂಡಲ ಕರಾವಳಿಯ ಚಿತ್ರಿತ ಬಟ್ಟೆಗಳ ವ್ಯಾಪಾರ ಪ್ರಬಲವಾಗಿದ್ದ ಕಾಲದಲ್ಲಿ, ೧೭೪೨ರಲ್ಲಿ, ಕೂರ್ಡೂ ಎಂಬ ಜೆಸುಯಿಟ್ ಪಾದ್ರಿಯು ಅಲ್ಲಿಯ ಬಣ್ಣಗಾರರ ಕ್ರಮವನ್ನು ಸವಿಸ್ತರವಾಗಿ ಬರೆದು ತನ್ನ ದೇಶಕ್ಕೆ ಕಳುಹಿದನು. ಅದಕ್ಕೆ ಮುಂಚೆ ೧೭೩೪ರಲ್ಲಿ ಬೋಲಿಯೋ ಎಂಬ ಫ್ರೆಂಚ್ ನೌಕಾಧಿಕಾರಿಯು ಪುದುಚ್ಚೇರಿಯಲ್ಲಿ ಕೆಲಸದ ಪ್ರತಿಯೊಂದು ಹಂತದ ಬಟ್ಟೆಯ ತುಂಡನ್ನೂ ಕತ್ತರಿಸಿ ಕೂಡಿಹಾಕಿದ್ದನು. ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಹತ್ತಿಯ ಛಾಪಾ ಬಟ್ಟೆಯ ಕಾರಖಾನೆಗಳು ಬೆಳೆದದ್ದರಲ್ಲಿ ಇಂಥ ವರದಿಗಳ ಪಾಲೂ ಇದೆ. ಆ ಕಾರಖಾನೆಗಳ ಪೋಷಣೆಯಲ್ಲಿ ಬಣ್ಣದ ರಸಾಯನಶಾಸ್ತ್ರ ಬೆಳೆಯಿತು. ಬೆಟಗೇರಿಯ ಬಣ್ಣಗಾರನು ಜರ್ಮನಿಯ ವೈದ್ಯನಿಗೆ ಪಾಠ ಹೇಳಿದನೆಂದು ನಾನು ಸಾಧಿಸಹೊರಟಿಲ್ಲ. ಅಂಥ ದಾವೆಯು ಅಭಿಮಾನಕ್ಕೆ ಹಿತವಾಗಬಹುದು, ಪ್ರಮಾಣಕ್ಕೆ ನಿಲ್ಲದು. ದಕ್ಷಿಣ ಭಾರತದಲ್ಲೆಲ್ಲ ಹರಡಿದ್ದ ಒಂದು ಸಾಮಾನ್ಯ ವಿದ್ಯೆಯ ಒಂದು ಕವಲು ಆ ದಾರಿಯಲ್ಲಿ ಹೋಯಿತೆಂಬಷ್ಟು ಮಾತ್ರ ಇಲ್ಲಿಯ ಮಾತು.

ಸೂಕ್ಷ್ಮದರ್ಶಕಕ್ಕೆ ಬಣ್ಣ ಬಂದ ಬಗೆಯನ್ನು ನೋಡಿದರೆ ಮೊದಲು ಬಂದವೆಲ್ಲ ಬಣ್ಣಗಾರನ ಅಂಗಡಿಯ ಸರಕುಗಳೇ. ಹಾಲಂಡಿನ ಲೇವನ್‌ಹೂಕನು ೧೭೧೪ರಲ್ಲಿ ಸ್ನಾಯುವಿನ ಎಳೆಗಳನ್ನು ನೋಡಲು ಕೇಸರಿಯನ್ನು ಬಳಸಿದನು. ಆತನು ಜವಳಿ ವ್ಯಾಪಾರಿಯಾಗಿದ್ದವನೆಂಬುದನ್ನು ಮರೆಯಲಾಗದು. ಗೆರ್ಲಾಖನು ೧೮೫೮ರಲ್ಲಿ ಕೋಚಿನೀಲ್ ಹುಳದಿಂದ ಬರುವ ಕಾರ್ಮೈನನ್ನು ತಂದನು. ಮೆಕ್ಸಿಕೋದ ಕಡೆಯ ಒಂದು ಮರದ ಸತ್ವವಾದ ಹೆಮಟಾಕ್ಸಿಲಿನ್ ಮೊದಮೊದಲು ಅಂಗಾಂಶಕ್ಕೆ ಸರಿಯಾಗಿ ಹತ್ತಲಿಲ್ಲ. ೧೮೬೫ರಲ್ಲಿ ಬೋಮರನು ಅದರೊಡನೆ ಪಟಿಕವನ್ನು ಬೆರೆಸಿದನು, ಹತ್ತಿತು. ಈಗಲೂ ಜಗತ್ತಿನ ಪ್ರತಿಯೊಂದು ರೋಗನಿದಾನ ಶಾಲೆಯಲ್ಲಿ ದಿನನಿತ್ಯದ ಕೆಲಸಕ್ಕೆ ಬಳಕೆಯಾಗುವ ಜೋಡಿಯಲ್ಲಿ ಅರ್ಧ ಭಾಗ ಈ ಪಟಿಕದ ಹೆಮಟಾಕ್ಸಿಲಿನ್. ಸುರಂಜಿಯ ಬಾನಿಗೆ ಬೀಳುತ್ತಿದ್ದ ಪಟಿಕವೂ ಇದೂ ಒಂದೇ, ಅದು ಮಾಡುವ ಕೆಲಸವೂ ಒಂದೇ.

ಇಷ್ಟರಲ್ಲಿ ದೊಡ್ಡ ಬದಲಾವಣೆಯೊಂದು ಆಗಿತ್ತು. ೧೮೫೬ರಲ್ಲಿ ಹದಿನೆಂಟು ವರ್ಷದ ಪರ್ಕಿನ್ ಎಂಬ ವಿದ್ಯಾರ್ಥಿಯು ಲಂಡನ್ನಿನಲ್ಲಿ ಮಲೇರಿಯದ ಔಷಧವಾದ ಕ್ವಿನೈನನ್ನು ಕೃತಕವಾಗಿ ಮಾಡಹೋಗಿ, ಡಾಂಬರಿನ ಉತ್ಪನ್ನವಾದ ಅನಿಲೀನಿನಿಂದ ನೇರಳೆ ಬಣ್ಣವೊಂದನ್ನು ಪಡೆದನು. ಮೂರು ವರ್ಷಗಳೊಳಗೆ ಲಿಯೋನಿನಲ್ಲಿ ಫುಕ್ಸಿನ್ ಎಂಬ ಕೆಂಪು ಹುಟ್ಟಿತು. ೧೮೬೮ರಲ್ಲಿ ಗ್ರೇಬೆ ಮತ್ತು ಲೀಬರ್ಮನ್ನರು ಮಂಜಿಷ್ಠದ ಜಾತಿಯ ಬೇರಿನಲ್ಲಿರುವ ಅಲಿಜರಿನನ್ನು ಪ್ರಯೋಗಶಾಲೆಯಲ್ಲಿಯೇ ಮಾಡಿದರು. ಸುರಂಜಿಯ ಬಣ್ಣವೂ ಅದೇ ರಾಸಾಯನಿಕ ಕುಲದ್ದು. ಪಟಿಕದೊಡನೆ ಅದರಂತೆಯೇ ಕೂಡುವದು. ಹಾಗಿದ್ದಲ್ಲಿ ಮೂರು ವರ್ಷ ಕಾದು ಗಿಡವನ್ನು ಅಗೆಯುವ ರೈತನು ಡಬ್ಬಿಯಲ್ಲಿ ಬರುವ ಪುಡಿಯೊಡನೆ ಎಷ್ಟು ದಿನ ಸ್ಪರ್ಧಿಸಿಯಾನು? ೧೮೮೦ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಹಳಿಗಳು ಗದಗಕ್ಕೆ ಬಂದವು. ಹತ್ತಿಯ ಅಂಡಿಗೆಗಳು ಹೊರಗೆ ಹೋದವು, ಬಣ್ಣದ ಡಬ್ಬಿಗಳು ಒಳಗೆ ಬಂದವು. ಧಾರವಾಡ ಜಿಲ್ಲೆಯ ಗ್ಯಾಝೆಟಿಯರು ಅಚ್ಚಾದದ್ದು ೧೮೮೪ರಲ್ಲಿ. ಅದೇ ವರ್ಷ ಜರ್ಮನಿಯಲ್ಲಿ ಬ್ಯೋಟಿಗರನು ಕಾಂಗೋ ರೆಡ್ ಎಂಬ ಬಣ್ಣವನ್ನು ಕಂಡುಹಿಡಿದನು. ಪಟಿಕವಿಲ್ಲದೆ, ಎಣ್ಣೆಯಿಲ್ಲದೆ, ನೇರವಾಗಿ ಹತ್ತಿಗೇ ಹತ್ತುವ ಮೊದಲ ಕೃತಕ ಬಣ್ಣವದು. ವರ್ಣಬಂಧಕದ ವಿದ್ಯೆಯನ್ನು ಜೀವನವಿಡೀ ಅಭ್ಯಾಸ ಮಾಡಿದವನ ಅಗತ್ಯವನ್ನೇ ಆ ಕುಲದ ಬಣ್ಣಗಳು ಕ್ರಮೇಣ ಇಲ್ಲದಂತೆ ಮಾಡಿದವು. ೧೮೯೭ರಲ್ಲಿ ಜರ್ಮನಿಯ ಕೃತಕ ನೀಲಿಯು ಪೇಟೆಗೆ ಬಂದ ಮೇಲೆ ನೀಲಿಯ ಗಿಡಕ್ಕೂ ಅದೇ ಗತಿಯಾಯಿತು.

ಬಣ್ಣಗಾರನ ಕಸುಬು ಒಮ್ಮೆಲೇ ಸತ್ತಿತೆಂದು ತಿಳಿಯಬಾರದು. ಆತನು ಡಬ್ಬಿಯ ಬಣ್ಣವನ್ನೇ ಕೊಂಡು ಬಾನಿಯನ್ನು ನಡೆಸಿದನು. ಹೋದದ್ದು ಹದವನ್ನು ಅರಿಯುವ ಆತನ ಅಧಿಕಾರ. ಡಬ್ಬಿಯ ಮೇಲಿನ ಚೀಟಿಯನ್ನು ಓದಬಲ್ಲ ಯಾವ ನೇಕಾರನಾದರೂ ತನ್ನ ಮನೆಯಲ್ಲಿಯೇ ನೂಲನ್ನು ಅದ್ದಿಕೊಳ್ಳಬಹುದಾಯಿತು. ಇದಕ್ಕಾಗಿ ಕೇವಲ ಕಣ್ಣೀರಿಡುವದೂ ಸರಿಯಲ್ಲವೆಂದು ನನ್ನ ಅಭಿಪ್ರಾಯ. ವಾರಗಟ್ಟಲೆ ನಾರುವ ಎಣ್ಣೆಯ ನೂಲನ್ನು ತುಳಿಯುವದು, ಎರೆನೆಲವನ್ನು ಆಳವಾಗಿ ಅಗೆದು ಬೇರು ಕೀಳುವದು ಸುಖದ ಕೆಲಸವಾಗಿರಲಿಲ್ಲ. ಆದರೆ ಲಾಭನಷ್ಟದ ಪಟ್ಟಿಯನ್ನು ಬರೆಯುವವನು ಎರಡು ಕಡೆಯನ್ನೂ ಬರೆಯಬೇಕು.

ಅದೇ ಡಬ್ಬಿಗಳು ಯುರೋಪಿನ ವೈದ್ಯಶಾಲೆಗಳ ಒಳಗೂ ಹೋಗುತ್ತಿದ್ದವು. ಬ್ರೆಸ್ಲಾವಿನವನಾದ ವೈಗರ್ಟನೂ ಅವನ ಬಂಧುವಾದ ಪಾಲ್ ಎರ್ಲಿಖನೂ ಅನಿಲೀನ್ ಬಣ್ಣಗಳನ್ನು ಒಂದೊಂದಾಗಿ ಅಂಗಾಂಶಗಳ ಮೇಲೆ ಪರೀಕ್ಷಿಸಿದರು. ಎರ್ಲಿಖನು ತನ್ನ ೧೮೭೮ರ ಪ್ರಬಂಧದಲ್ಲಿ ಬಣ್ಣ ಹತ್ತುವಿಕೆಯನ್ನೇ ಸಿದ್ಧಾಂತದ ವಿಷಯವನ್ನಾಗಿ ಮಾಡಿದನು. ಒಂದು ದ್ರವ್ಯವು ದೇಹದ ಒಂದೇ ಅಂಶವನ್ನು ಹುಡುಕಿ ಹಿಡಿಯುವದಾದರೆ ಔಷಧವೂ ಹಾಗೆಯೇ ರೋಗಾಣುವನ್ನು ಹಿಡಿಯಬಹುದೆಂಬ ಆತನ ಮುಂದಿನ ವಿಚಾರವೆಲ್ಲ ಈ ಬಾನಿಯೊಳಗಿಂದ ಎದ್ದುದು.

ಸಂಯೋಜಕ ಅಂಗಾಂಶದ ವಿಷಯದಲ್ಲಿ ಗಮನಿಸತಕ್ಕ ಹೆಸರು ನ್ಯೂಯಾರ್ಕಿನ ವ್ಯಾನ್ ಗೀಸನ್‌ನದು. ಆತನು ೧೮೮೯ರಲ್ಲಿ ನರಾಂಗಾಂಶವನ್ನು ನೋಡಲೆಂದು ಎರಡು ಬಣ್ಣಗಳನ್ನು ಒಂದೇ ದ್ರಾವಣದಲ್ಲಿ ಬೆರೆಸಿದನು. ಒಂದು ಪಿಕ್ರಿಕ್ ಆಮ್ಲ, ರೇಷ್ಮೆಗೆ ಹಾಕುತ್ತಿದ್ದ ಹಳದಿ. ಇನ್ನೊಂದು ಆಮ್ಲ ಫುಕ್ಸಿನ್, ಉಣ್ಣೆ ರೇಷ್ಮೆಗಳಿಗೆ ಒಗ್ಗುವಂತೆ ಮಾರ್ಪಡಿಸಿದ ಕೆಂಪು. (ಪಿಕ್ರಿಕ್ ಆಮ್ಲವೇ ಮುಂದೆ ಯುದ್ಧದ ಗುಂಡುಗಳಲ್ಲಿ ಸ್ಫೋಟಕವಾಗಿ ತುಂಬಲ್ಪಟ್ಟಿತು. ಪ್ರಯೋಗಶಾಲೆಯಲ್ಲಿ ಅದನ್ನು ಸದಾ ಒದ್ದೆಯಾಗಿಡುವದು ಈ ಕಾರಣದಿಂದ.) ಒಂದೇ ಬಾನಿಯಿಂದ ಹೊರಬಂದ ಛೇದದಲ್ಲಿ ಕೊಲಾಜನ್ ಕೆಂಪಾಗಿ, ಸ್ನಾಯು ಹಳದಿಯಾಗಿ ಕಂಡವು. ಹ್ಯಾನ್ಸನ್ ಎಂಬವನು ೧೮೯೮ರಲ್ಲಿ ಇದನ್ನು ಸಂಯೋಜಕ ಅಂಗಾಂಶಕ್ಕೆ ತಕ್ಕಂತೆ ಹದಗೊಳಿಸಿದನು. ಎರಡೂ ಪ್ರೋಟೀನುಗಳೇ ಆಗಿರಲು ಹೀಗೇಕೆ? ಪಿಕ್ರಿಕ್ ಆಮ್ಲದ ಅಣು ಚಿಕ್ಕದು. ಅದು ಸ್ನಾಯುವಿನಂಥ ಒತ್ತಾದ ಅಂಗಾಂಶದೊಳಗೂ ಹೊಕ್ಕು ನಿಲ್ಲುತ್ತದೆ. ಫುಕ್ಸಿನಿನ ಅಣು ದೊಡ್ಡದು. ಕೊಲಾಜನ್ನಿನ ಸಡಿಲವಾದ ಎಳೆಗಳ ನಡುವೆ ಅದಕ್ಕೆ ಎಡೆ ಸಿಗುವದು, ಹೊಕ್ಕ ಮೇಲೆ ಚಿಕ್ಕದನ್ನು ಹೊರದೂಡುವದು. ಹೀಗೆಂದು ಬಹುಮಂದಿ ವಿವರಿಸುತ್ತಾರೆ. ಅಣುವಿನ ಗಾತ್ರವೊಂದೇ ಸಾಲದು, ಎಳೆಗೂ ಬಣ್ಣಕ್ಕೂ ನಡುವಿನ ಬಂಧಗಳನ್ನೂ ಎಣಿಸಬೇಕೆಂಬ ವಾದವೂ ಇದೆ. ಒತ್ತಾಗಿ ಹೊಸೆದ ನೂಲಿಗೂ ಸಡಿಲವಾದ ನೂಲಿಗೂ ಬಣ್ಣ ಒಂದೇ ಸಮನೆ ಇಳಿಯುವದಿಲ್ಲವೆಂಬುದನ್ನು ನೇಕಾರರ ಮನೆಯ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ.

ಬೋಸ್ಟನ್ನಿನ ಮ್ಯಾಲರಿಯು ೧೯೦೦ರಲ್ಲಿ ಮೂರು ಬಣ್ಣಗಳಿಗೆ ಹೋದನು: ಆಮ್ಲ ಫುಕ್ಸಿನ್, ಅನಿಲೀನ್ ಬ್ಲೂ, ಆರೆಂಜ್ ಜಿ. ಆತನ ಜಾಣ್ಮೆಯಿದ್ದದ್ದು ಬಣ್ಣಗಳ ಆಯ್ಕೆಯಲ್ಲಿ ಅಲ್ಲ, ನಡುವೆ ಹಾಕಿದ ಫಾಸ್ಫೋಮಾಲಿಬ್ಡಿಕ್ ಆಮ್ಲದಲ್ಲಿ. ಮೊದಲು ಇಡೀ ಛೇದವನ್ನು ಕೆಂಪು ಮಾಡಿ, ಆ ಆಮ್ಲದಿಂದ ಕೊಲಾಜನ್ನಿನೊಳಗಿನ ಕೆಂಪನ್ನು ಮಾತ್ರ ಬಿಡಿಸಿ, ತೆರವಾದ ಸ್ಥಳಕ್ಕೆ ನೀಲಿಯನ್ನು ಕೂಡಿಸುವದು ಆ ಕ್ರಮದ ಸಾರ. ಬಣ್ಣ ಹಾಕುವದಷ್ಟೇ ವಿದ್ಯೆಯಲ್ಲ, ಬೇಡವಾದ ಕಡೆಯಿಂದ ಬಿಡಿಸುವದೂ ವಿದ್ಯೆಯೆಂಬುದು ಛಾಪಾ ಬಟ್ಟೆಯವರ ಹಳೆಯ ಅನುಭವ. ೧೯೨೯ರಲ್ಲಿ ಮಾಂಟ್ರಿಯಲ್ಲಿನ ಪಿಯರ್ ಮ್ಯಾಸನ್ನನು ಇದನ್ನೇ ಪರಿಷ್ಕರಿಸಿದನು. ಕಾಲೇಜುಗಳಲ್ಲಿ ಇಂದು ತ್ರಿವರ್ಣ ಕ್ರಮವೆಂದರೆ ಹೆಚ್ಚಾಗಿ ಆತನದೇ. ಅದೇ ಮ್ಯಾಸನ್ನನು ಕೊಲಾಜನ್ನನ್ನು ಹಳದಿಯಾಗಿ ಕಾಣಿಸಲು ಕೇಸರಿಯನ್ನೂ ಮತ್ತೆ ಬಳಕೆಗೆ ತಂದನು. ಡಾಂಬರಿನ ಬಣ್ಣಗಳ ಮಹಾಯುಗದ ನಡುವೆ ಲೇವನ್‌ಹೂಕನ ಕೇಸರಿಯು ಹೀಗೆ ತಿರುಗಿ ಬಂದುದು ವಿಚಿತ್ರವಾದರೂ ಸತ್ಯ.

ಹಿಗ್ಗುವ ಎಳೆಯು ಬಹಳ ಹಟಮಾರಿ. ಮೇಲಿನ ಬಣ್ಣಗಳಾವುವೂ ಅದನ್ನು ಪ್ರತ್ಯೇಕಿಸಿ ತೋರಿಸಲಾರವು. ಜರ್ಮನಿಯ ಚರ್ಮರೋಗ ತಜ್ಞರಾದ ಟೆಂಟ್ಸರ್ ಮತ್ತು ಉನ್ನಾ ಅದಕ್ಕೆ ಓರ್ಸೀನ್ ಎಂಬ ಕಂದುಗೆಂಪನ್ನು ಹಿಡಿದರು. ಕಲ್ಲಿನ ಮೇಲೆ ಬೆಳೆಯುವ ಒಂದು ಜಾತಿಯ ಹಾವಸೆಯನ್ನು ಅಮೋನಿಯದಲ್ಲಿ ಕೊಳೆಯಿಸಿ ಉಣ್ಣೆಗೆ ಹಾಕುತ್ತಿದ್ದ ಬಣ್ಣವದು. ನಮ್ಮ ಮಸಾಲೆಯ ಕಲ್ಲುಹೂವು ಅದೇ ಗಿಡವಲ್ಲ, ಅದರ ದೂರದ ಬಂಧು. ವೈಗರ್ಟನು ೧೮೯೮ರಲ್ಲಿ ಫುಕ್ಸಿನಿನೊಡನೆ ರಿಸಾರ್ಸಿನ್ ಮತ್ತು ಕಬ್ಬಿಣದ ಲವಣವನ್ನು ಕೂಡಿಸಿ ಇನ್ನೊಂದು ಕ್ರಮವನ್ನು ಕೊಟ್ಟನು. ಕಣ್ಣಿನ ವೈದ್ಯನಾದ ವೆರ್ಹೋಫನು ೧೯೦೮ರಲ್ಲಿ ಹೆಮಟಾಕ್ಸಿಲಿನ್ನಿಗೆ ಪಟಿಕದ ಬದಲು ಕಬ್ಬಿಣದ ಲವಣವನ್ನೂ ಅಯೋಡಿನನ್ನೂ ಸೇರಿಸಿದನು, ಎಳೆಗಳು ಕಡುಗಪ್ಪಾದವು. ಅಳಲೆಕಾಯಿಗೆ ಅನ್ನಭೇದಿ ಬಿದ್ದಾಗ ಆಗುವ ಕಪ್ಪಿಗೂ ಇದಕ್ಕೂ ಹತ್ತಿರದ ಸಂಬಂಧವಿದೆ. ಜಾಲದ ಎಳೆಗಳಿಗೆ ಬಣ್ಣಗಾರನ ವಿದ್ಯೆ ಸಾಲಲಿಲ್ಲ. ಅವುಗಳ ಮೇಲೆ ಬೆಳ್ಳಿಯನ್ನು ಕೂಡಿಸುವ ಕ್ರಮವು ಬೀಲ್ಷೋವ್ಸ್ಕಿಯಿಂದ ೧೯೦೪ರಲ್ಲಿ ಹೊರಟಿತು; ಅದು ಛಾಯಾಚಿತ್ರಗಾರನ ವಿದ್ಯೆ, ನಮ್ಮ ವಿಷಯಕ್ಕೆ ಹೊರಗು.

ಬಾನಿಗೂ ಸೂಕ್ಷ್ಮದರ್ಶಕಕ್ಕೂ ಇದ್ದ ನಂಟು ಎಷ್ಟು ನೇರವಾದುದೆಂಬುದು ೧೯೧೪ರಲ್ಲಿ ಲೋಕಕ್ಕೆ ಗೊತ್ತಾಯಿತು. ಯುದ್ಧ ಹತ್ತಿದೊಡನೆ ಜರ್ಮನಿಯ ಬಣ್ಣ ಹೊರಗೆ ಬರುವದು ನಿಂತಿತು. ಹಿಂದುಸ್ತಾನದ ಪೇಟೆಗಳಲ್ಲಿ ಡಬ್ಬಿಯ ಬಣ್ಣದ ಬೆಲೆ ಏರಿ ನೇಕಾರರು ಕಷ್ಟಪಟ್ಟರು. ಅದೇ ಸಮಯದಲ್ಲಿ, ಲೈಪ್ಸಿಗ್ಗಿನ ಗ್ರ್ಯೂಬ್ಲರ್ ಅಂಗಡಿಯ ಸೀಸೆಗಳನ್ನೇ ನಂಬಿದ್ದ ಅಮೇರಿಕದ ಪ್ರಯೋಗಶಾಲೆಗಳೂ ಕೈಕಟ್ಟಿ ಕೂತವು. ಸ್ವದೇಶದಲ್ಲಿ ಮಾಡಿದ ಬಣ್ಣಗಳು ಒಂದು ಸಲ ಹತ್ತಿದಂತೆ ಇನ್ನೊಂದು ಸಲ ಹತ್ತಲಿಲ್ಲ. ಬಣ್ಣಗಳನ್ನು ಪರೀಕ್ಷಿಸಿ ಪ್ರಮಾಣೀಕರಿಸುವ ಆಯೋಗವೊಂದನ್ನು ಅಲ್ಲಿ ೧೯೨೨ರ ಸುಮಾರಿಗೆ ಕಟ್ಟಬೇಕಾಯಿತು. ಅದು ಇಂದಿಗೂ ಕೆಲಸ ಮಾಡುತ್ತಿದೆ. ಮರದಿಂದಲೇ ಬರುವ ಹೆಮಟಾಕ್ಸಿಲಿನ್ನಿಗೆ ೨೦೦೮ರಲ್ಲಿ ಅಭಾವ ತಲೆದೋರಿದಾಗ ರೋಗನಿದಾನ ಶಾಲೆಗಳು ಮತ್ತೊಮ್ಮೆ ಗಾಬರಿಗೊಂಡವು. ಹೊಸ ಬಣ್ಣಗಳ ಬೆಲೆಯನ್ನು ತೆತ್ತವರು ಇನ್ನೂ ಒಂದು ವರ್ಗದವರಿದ್ದಾರೆ. ಫ್ರಾಂಕ್‌ಫರ್ಟಿನ ಶಸ್ತ್ರವೈದ್ಯ ರೇನನು ೧೮೯೫ರಲ್ಲಿಯೇ ಫುಕ್ಸಿನ್ ಕಾರಖಾನೆಯ ಕೆಲಸಗಾರರಲ್ಲಿ ಮೂತ್ರಕೋಶದ ಅರ್ಬುದವನ್ನು ಗುರುತಿಸಿ ವರದಿ ಮಾಡಿದ್ದನು.

ಕೊನೆಯ ದೊಡ್ಡ ಹೆಜ್ಜೆಯೂ ಹತ್ತಿಯ ನೂಲಿನದೇ. ೧೯೬೪ರಲ್ಲಿ ಸ್ವೆಟ್, ಪುಖ್ಟ್ಲರ್ ಮತ್ತು ರೋಸೆಂತಾಲರು ವ್ಯಾನ್ ಗೀಸನ್ನನ ಕ್ರಮದಲ್ಲಿ ಮಾಸುವ ಫುಕ್ಸಿನ್ನನ್ನು ತೆಗೆದು ಅದರ ಸ್ಥಾನದಲ್ಲಿ ಸಿರಿಯಸ್ ರೆಡ್ ಎಂಬುದನ್ನು ಇಟ್ಟರು. ಅದು ಜವಳಿಯವರು ಹತ್ತಿಗೆ ನೇರವಾಗಿ ಹಾಕುವ ಕೆಂಪು, ಕಾಂಗೋ ರೆಡ್ಡಿನಂತೆ ವರ್ಣಬಂಧಕವನ್ನು ಬೇಡದ ಬಣ್ಣ. ಅದರ ಅಣು ಉದ್ದವಾದುದು. ಕೊಲಾಜನ್ನಿನ ಎಳೆಯ ಉದ್ದಕ್ಕೂ ಒರಗಿ ಮಲಗುತ್ತದೆ. ೧೯೭೯ರಲ್ಲಿ ಬ್ರೆಝಿಲಿನ ಜುಂಕೇರಾ ಮತ್ತು ಸಂಗಡಿಗರು ಅಂಥ ಛೇದವನ್ನು ಧ್ರುವೀಕೃತ ಬೆಳಕಿನಲ್ಲಿ ನೋಡಿದರೆ ಕತ್ತಲೆಯ ನಡುವೆ ಕೊಲಾಜನ್ ಮಾತ್ರ ಬೆಳಗುವದೆಂದು ತೋರಿಸಿದರು. ಕೊಲಾಜನ್ನಿನ ಅಣುವೇ ಮೂರು ಎಳೆಗಳನ್ನು ಹೊಸೆದ ಹುರಿಯೆಂದು ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಗೋಪೀನಾಥ ಕರ್ತಾ ಅವರು ೧೯೫೪–೫೫ರಲ್ಲಿ ತೋರಿಸಿದ್ದರು. ರಾಮಚಂದ್ರನ್ನರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು.

ಈ ಬಣ್ಣಗಳಿಂದ ನಮ್ಮ ಜನಕ್ಕೆ ಆದ ಪ್ರಯೋಜನವೇನೆಂದು ವಿದ್ಯಾರ್ಥಿಗಳು ಕೇಳಿಯಾರು. ಒಂದು ಉದಾಹರಣೆಯನ್ನು ಮಾತ್ರ ಹೇಳುತ್ತೇನೆ. ಅಡಿಕೆಯನ್ನು ಸದಾ ಅಗಿಯುವವರ ಬಾಯಿ ಕ್ರಮೇಣ ಬಿಗಿದು, ಕಡೆಗೆ ಒಂದು ತುತ್ತು ರೊಟ್ಟಿ ಇಡುವಷ್ಟೂ ತೆರೆಯದಂತಾಗುವ ವ್ಯಾಧಿಯೊಂದಿದೆ. ಶ್ವಾರ್ಟ್ಸ್ ಎಂಬವನು ೧೯೫೨ರಲ್ಲಿ ಪೂರ್ವ ಆಫ್ರಿಕದ ಭಾರತೀಯ ಸ್ತ್ರೀಯರಲ್ಲಿ ಇದನ್ನು ಗುರುತಿಸಿದನು. ಮರುವರ್ಷ ಬೊಂಬಾಯಿಯ ಜೋಶಿಯವರು ಇಲ್ಲಿಯ ರೋಗಿಗಳನ್ನು ಕುರಿತು ಬರೆದರು. ೧೯೬೬ರಲ್ಲಿ ಪಿಂಡ್‌ಬೋರ್ಗ್ ಮತ್ತು ಸತ್ಯವತಿ ಸಿರ್ಸಾಟರು ಅದರ ಲಕ್ಷಣಗಳನ್ನು ಒಟ್ಟುಗೂಡಿಸಿದರು. ಕೆನ್ನೆಯ ಒಳಪದರಿನ ಚೂರನ್ನು ತೆಗೆದು ವ್ಯಾನ್ ಗೀಸನ್ನನ ಇಲ್ಲವೆ ಮ್ಯಾಸನ್ನನ ಬಣ್ಣವನ್ನು ಹಾಕಿದರೆ, ತೆಳುವಾಗಿ ಸಡಿಲವಾಗಿ ಇರಬೇಕಾದ ಎಡೆಯಲ್ಲಿ ಕೊಲಾಜನ್ ಒತ್ತಿದ ಕಂಬಳಿಯಂತೆ ಕುಳಿತಿರುವದು ಕಾಣುತ್ತದೆ. ಅಡಿಕೆಯೇ ಅರ್ಬುದಕಾರಕವೆಂದು ಅಂತರರಾಷ್ಟ್ರೀಯ ಅರ್ಬುದ ಸಂಶೋಧನ ಸಂಸ್ಥೆಯು ೨೦೦೪ರಲ್ಲಿ ನಿರ್ಣಯಿಸಿತು. ಕರ್ನಾಟಕದಲ್ಲಿ ಗುಟಕಾ ಮಾರಾಟವು ೨೦೧೩ರಲ್ಲಿ ನಿಷಿದ್ಧವಾಯಿತು. ಆದರೂ ಅಡಿಕೆಯನ್ನೂ ತಂಬಾಕನ್ನೂ ಎರಡು ಪೊಟ್ಟಣಗಳಲ್ಲಿ ಕೊಂಡು ಬೆರೆಸಿಕೊಳ್ಳುವ ಹುಡುಗರನ್ನು ನಮ್ಮ ಬಸ್ ನಿಲ್ದಾಣಗಳಲ್ಲಿ ಯಾರಾದರೂ ಕಾಣಬಹುದು.

ಶಿರಹಟ್ಟಿಯಲ್ಲಿ ಕುಳಿತು ಬಣ್ಣಗಾರರ ಇತಿಹಾಸವನ್ನು ಹುಡುಕುವವನಿಗೆ ಒಂದು ವಿಶೇಷ ತೊಡಕಿದೆ. ೧೯೪೮ರವರೆಗೆ ಶಿರಹಟ್ಟಿಯು ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರವು ಮಿರಜಿನದು, ಗದಗ-ಬೆಟಗೇರಿಗಳು ಬ್ರಿಟಿಷರ ಧಾರವಾಡ ಜಿಲ್ಲೆಯವು. ನೂಲು, ಬಣ್ಣ, ಸೀರೆಗಳು ಒಂದೇ ಸಂತೆಯಿಂದ ಇನ್ನೊಂದಕ್ಕೆ ನಡೆದುಹೋಗುವ ದೂರದಲ್ಲಿದ್ದರೂ ಅವುಗಳ ಕಾಗದಪತ್ರಗಳು ಮೂರು ಸರಕಾರಗಳಲ್ಲಿ ಹಂಚಿಹೋಗಿವೆ. ಗ್ಯಾಝೆಟಿಯರನ್ನು ಮಾತ್ರ ಓದಿದವನಿಗೆ ಬ್ರಿಟಿಷ್ ಗಡಿಯೊಳಗಿನ ಬಾನಿಗಳಷ್ಟೇ ಕಾಣುತ್ತವೆ. ಕಾಗದಗಳಲ್ಲಿ ಇಲ್ಲದ್ದು ಮನೆಗಳಲ್ಲಿದೆ. ನೀಲಗಾರ, ಬಣ್ಣಗಾರ, ರಂಗ್ರೇಜ ಎಂಬ ಅಡ್ಡಹೆಸರುಗಳು ಕಾಲೇಜಿನ ಹಾಜರಿ ಪುಸ್ತಕದಲ್ಲಿ ಈಗಲೂ ಬರುತ್ತವೆ. ಕುಸುಬಿಯನ್ನು ಈಗಲೂ ಬೆಳೆಯುತ್ತಾರೆ, ಎಣ್ಣೆಗಾಗಿ; ಅದರ ಹೂವು ಬಣ್ಣ ಕೊಡುತ್ತಿತ್ತೆಂಬುದನ್ನು ನಾನು ಕೇಳಿದ ತರುಣ ರೈತರು ನಂಬಲಿಲ್ಲ. ಸುರಂಜಿಯ ಹೆಸರನ್ನು ಹೇಳಿದಾಗ ನಮ್ಮ ಪ್ರಯೋಗಶಾಲೆಯ ಸಹಾಯಕರಿಗೂ ಅದು ತಿಳಿಯಲಿಲ್ಲ. ಮನೆಗೆ ಹೋಗಿ ತಾಯಿಯನ್ನು ಕೇಳಿಕೊಂಡು ಬಂದರು. ಆಕೆಗೂ ಗಿಡ ಗೊತ್ತಿಲ್ಲ. ಆದರೆ ತನ್ನ ಅಜ್ಜಿಯು ಹಳೆಯ ಕೆಂಪು ಸೀರೆಯೊಂದನ್ನು ಪೆಟ್ಟಿಗೆಯಿಂದ ತೆಗೆದಾಗಲೆಲ್ಲ ಔಡಲೆಣ್ಣೆಯ ವಾಸನೆ ಬರುತ್ತಿತ್ತೆಂದು ನೆನಪಿದೆಯಂತೆ. ಅಜ್ಜನ ಕಾಲದ ಬಾನಿಯು ಹಿತ್ತಲಿನಲ್ಲಿ ಇನ್ನೂ ಇದೆ, ಅಂಚು ಒಡೆದಿದೆ. ಅದರಲ್ಲಿ ದನಗಳಿಗೆ ನೀರು ಇಡುತ್ತಾರೆ.